ಷರಾ

ಹಾಸನದ ಹೊಸ ಬಸ್‌ಸ್ಟ್ಯಾಂಡಿನಿಂದ ದೊಡ್ಡಾಸ್ಪತ್ರೆಯವರೆಗೆ
ಎರಡು ಕಿಲೋಮೀಟರಿಗೆ ಇನ್ನೂರು ಮೀಟರು ಕಮ್ಮಿ.
ನಕ್ಷೆಯಲ್ಲಿ ಅದು ನನ್ನ ಕಿರುಬೆರಳಿನುದ್ದದ ಗೆರೆ.
ಆ ಗೆರೆಯ ಮೇಲೆ, ಕಂಬಗಳ ಹೆಗಲೇರಿ,
ಚಾಲಕನಿಲ್ಲದ ಪುಟ್ಟ ಗಾಡಿ ಓಡಿದರೆ ಹೇಗೆ
ಎಂದು ತಿಳಿಯಲು
ನನ್ನನ್ನು ಈ ಕಲ್ಲುಬೆಂಚಿನ ಮೇಲೆ ಕೂರಿಸಿದ್ದಾರೆ:
ದಿನಕ್ಕೆ ಏಳುನೂರು ರೂಪಾಯಿ, ಒಂದು ಎಣಿಕೆಗುಂಡಿ,
ಹದಿನಾಲ್ಕು ಕಾಲಮಿನ ಹಾಳೆ.

ಒಬ್ಬರು ದಾಟಿದರೆ ಒಂದು ಟಕ್.
ಕಂಕುಳ ಕೂಸನ್ನು ಎಣಿಸಬಾರದು.
ಹೊತ್ತು ತಂದ ರೋಗಿ ಒಬ್ಬನೋ, ಹೊತ್ತವರೂ ಸೇರಿ ಮೂವರೋ
ಎಂದು ಮೊದಲ ದಿನವೇ ಕೇಳಿದೆ.
ಅನಘಾ ಮೇಡಂ ಕನ್ನಡಕ ಒರೆಸಿಕೊಂಡು
‘ಮೂವರು. ಸೀಟು ಬೇಕಲ್ಲ’ ಅಂದರು.
ಒಳ್ಳೆಯವರು.

ಬೆಳಿಗ್ಗೆ ಎಂಟೂವರೆಗೆ ಬೇಲೂರು, ಆಲೂರು, ಅರಕಲಗೂಡಿನ ಬಸ್ಸುಗಳು
ಒಂದೇ ಮಗ್ಗುಲಿಗೆ ವಾಲಿ ಜನರನ್ನು ಸುರಿಯುತ್ತವೆ.
ಹೆಬ್ಬೆರಳು ಜೋಮು ಹಿಡಿಯುತ್ತದೆ.
ಸ್ಕ್ಯಾನಿನ ಕವರನ್ನು ಎದೆಗವಚಿಕೊಂಡವರು,
ಮುದ್ದೆಯ ಡಬ್ಬಿ, ಬಿಸಿನೀರಿನ ಫ್ಲಾಸ್ಕು,
ರಕ್ತಪರೀಕ್ಷೆಗೆಂದು ಉಪವಾಸ ಬಂದು ತಲೆಸುತ್ತಿ ನಿಂತವರು.
‘ಗಾಡಿ ಬಂದರೆ ಎಷ್ಟು ಕೊಡ್ತೀರಿ?’ ಕಾಲಂ ಒಂಬತ್ತು.
ಹತ್ತು, ಅನ್ನುತ್ತಾರೆ. ಐದು.
‘ಆಧಾರ್ ತೋರ್ಸಿದ್ರೆ ಫ್ರೀ ಅಲ್ವಾ?’
ಗಂಡಸಿ ಕಡೆಯ ಅಜ್ಜಿಯೊಬ್ಬಳು ಸೀರೆಯ ಮೇಲಿಂದಲೇ ಮೊಣಕಾಲು ಒತ್ತಿಕೊಂಡು
‘ಮೇಲೆ ಓಡ್ತದೆ, ಸರಿ. ಮೇಲಕ್ಕೆ ಹತ್ಸೋರ್ಯಾರು?’ ಎಂದಳು.
ಅದಕ್ಕೆ ಕಾಲಂ ಇಲ್ಲ.
ಷರಾದಲ್ಲಿ ಬರೆದೆ:
ಮೂವತ್ತೆಂಟು ಮೆಟ್ಟಿಲು. ಲಿಫ್ಟು ಕೆಟ್ಟ ದಿನ?

ಆಟೋ ಚೆಲುವಯ್ಯ ದಿನಕ್ಕೆರಡು ಸಲ ಹಾಳೆ ಇಣುಕುತ್ತಾನೆ.
‘ಡೈವರ್ರೇ ಇರಲ್ವಂತೆ, ದಿಟವಾ?’
ದಿಟ.
‘ಹಂಗಾದ್ರೆ ಜನ ಬೈಯೋದು ಯಾರ್ನ?’
ಇಬ್ಬರೂ ನಕ್ಕೆವು. ಮೊದಲು ನಿಲ್ಲಿಸಿದವನು ಅವನು.
ಸೀಟಿನ ರೆಕ್ಸಿನ್ ಹರಿದಲ್ಲಿ ಬೆರಳಿಟ್ಟು
ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ.

ಈ ವಾರ ನನ್ನದು ರಾತ್ರಿಪಾಳಿ.
ಎರಡು ಹತ್ತಕ್ಕೆ ಮಂಗಳೂರಿನ ಬಸ್ಸು
ಒಬ್ಬ ಹೆಂಗಸನ್ನು ಇಳಿಸಿ ಹೋಯಿತು.
ಕಿವಿಗೊತ್ತಿದ ಫೋನಿನಲ್ಲಿ ಯಾರದೋ ಧ್ವನಿ, ‘ಎಲ್ಲಿದ್ದೀ, ಎಲ್ಲಿದ್ದೀ’.
ಸಾಲಿನಲ್ಲಿದ್ದದ್ದು ಒಂದೇ ಆಟೋ.
‘ಇನ್ನೂರೈವತ್ತು’ ಅಂದ,
ಚೆಲುವಯ್ಯನೇ.
ನನ್ನ ಕಡೆ ನೋಡಿ, ‘ಹೋಗ್ಲಿ, ನೂರೈವತ್ತು ಕೊಡಿ’ ಅಂದ.
ಅವಳು ಪರ್ಸು ತೆರೆದು, ಮುಚ್ಚಿ,
ನಡೆದೇಬಿಟ್ಟಳು,
ದೀಪ ಕೆಟ್ಟ ಮೂರು ಕಂಬಗಳ ಕಡೆಗೆ.
ಟಕ್.

ಬೆಳಕು ಹರಿಯುವವರೆಗೆ ಒಟ್ಟು ಹದಿಮೂರು,
ಪಾಳಿ ಬಿಟ್ಟ ನರ್ಸ್ ಜೆಸಿಂತಾಳೂ ಸೇರಿ.
ಹಗಲಿನ ಆರು ಸಾವಿರದ ಮುಂದೆ ಹದಿಮೂರೆಂದರೆ
ಕೊಳಗ ಅಳೆದಾದ ಮೇಲೆ ನೆಲಕ್ಕೆ ಬಿದ್ದ ಕಾಳು.
ಕರಡು ವರದಿಯಲ್ಲಿ ಆಗಲೇ ಇದೆ:
‘ರಾತ್ರಿ ಹನ್ನೊಂದರಿಂದ ಐದರವರೆಗೆ ಬೇಡಿಕೆ ನಗಣ್ಯ.
ಸೇವೆ ನಿಲ್ಲಿಸಬಹುದು.’
ನಿದ್ದೆಯೇ ಬಾರದ ಯಂತ್ರವನ್ನು ತಂದು
ಮಲಗಿಸುವುದಾದರೆ
ಎಂದು ಬರೆಯಹೊರಟು ಹೊಡೆದುಹಾಕಿದೆ.
ಅದು ಷರಾ ಅಲ್ಲ, ಜಗಳ.

ಗಾಡಿ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿಲ್ಲ.
ಹಗಲು ಕೇಳಿದ್ದರೆ ಬೇಡ ಅನ್ನುತ್ತಿದ್ದೆ:
ಆ ದುಡ್ಡಿಗೆ ಎಷ್ಟು ಬಸ್ಸು ಬರುತ್ತವೆ,
ಗುಂಡಿಯಿಲ್ಲದ ಫುಟ್‌ಪಾತು ಬರುತ್ತದೆ,
ಮೂರು ಕಂಬಕ್ಕೆ ಮೂರು ಬಲ್ಬು ಬಂದಾವು.
ಎರಡು ಹತ್ತಕ್ಕೆ ಕೇಳಿದ್ದರೆ
ಬೇಕು. ಖಾಲಿಯಾದರೂ ಓಡಲಿ.
ಮುಖ ನೋಡಿ ರೇಟು ಹೇಳದ ಒಂದು ಬಾಗಿಲು
ಆರು ನಿಮಿಷಕ್ಕೊಮ್ಮೆ ಸುಮ್ಮನೆ ತೆರೆದುಕೊಳ್ಳಲಿ.

ಆರೂವರೆಗೆ ಅವಳು ಮತ್ತೆ ಬಂದಳು,
ಮೊದಲ ಬಸ್ಸಿಗೆ ಬರುವ ತಮ್ಮನನ್ನು ಕರೆದೊಯ್ಯಲು.
ಮಹಬೂಬಿಯ ಅಂಗಡಿಯಲ್ಲಿ ಮೂರು ಚಹಾ ಕಟ್ಟಿಸಿದಳು.
ಮೂರು, ಅಂದರೆ ಅಲ್ಲಿ ಕುಡಿಯುವವರಿದ್ದಾರೆ,
ಎಂದು ಮನಸ್ಸಿನಲ್ಲೇ ಎಣಿಸಿದೆ, ಗುಂಡಿ ಒತ್ತದೆ.

ನನ್ನ ಹಾಳೆ ನೋಡಿ,
‘ಇಲ್ಲಿಂದ ಎಷ್ಟೊತ್ತು ಅಂತಾನೂ ಬರ್ಕೋತೀರಾ?’
ಬರ್ಕೋತೀವಿ. ಕಾಲಂ ಆರು.
ಪ್ಲಾಸ್ಟಿಕ್ ಚೀಲದ ಗಂಟು ಬಿಗಿಯುತ್ತ ಹೇಳಿದಳು:
‘ಹತ್ತೊಂಬತ್ತು ನಿಮಿಷ.
ಅರ್ಧ ಓಡಿದ್ರೆ.’